ಕಪ್ಪೆಯ ಊರಿನಲ್ಲಿ ಒಂದು ದಿನ

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪಶ್ಚಿಮದ ತಪ್ಪಲಿನಲ್ಲಿ, ಏಂಜೆಲ್ಸ್ ಕ್ಯಾಂಪ್ ಎಂಬ ಸಣ್ಣ ಊರೊಂದಿದೆ. ಚಿನ್ನವನ್ನರಸಿ ಬಂದವರು ನೆಲೆಗೊಳಿಸಿದ ಊರು. ನಾವು ಅಲ್ಲಿಗೆ ಹೋದುದು ಚಿನ್ನಕ್ಕಾಗಿ ಅಲ್ಲ, ಒಂದು ಕಪ್ಪೆಗಾಗಿ.

1865ರ ಆರಂಭದ ಮಳೆಗಾಲದಲ್ಲಿ ಮಾರ್ಕ್ ಟ್ವೇನನು ಇಲ್ಲಿಯ ವಸತಿಗೃಹದಲ್ಲಿ ಕೇಳಿದ ಕಥೆಯು ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಅವನಿಗೆ ಕೀರ್ತಿಯನ್ನು ತಂದಿತು. ಜಿಮ್ ಸ್ಮೈಲಿ ಎಂಬ ಪಂದ್ಯಪ್ರಿಯನು ತನ್ನ ಕಪ್ಪೆಗೆ ಮೂರು ತಿಂಗಳು ನೆಗೆತದ ವಿದ್ಯೆಯನ್ನು ಕಲಿಸುತ್ತಾನೆ. ಅದಕ್ಕೆ ಪ್ರಖ್ಯಾತ ವಾಗ್ಮಿಯಾದ ಡೇನಿಯಲ್ ವೆಬ್‌ಸ್ಟರನ ಹೆಸರನ್ನೇ ಇಡುತ್ತಾನೆ. ಪರಸ್ಥಳದವನೊಬ್ಬನು 40 ಡಾಲರುಗಳ ಪಣವೊಡ್ಡಿ, ಸ್ಮೈಲಿಯು ಅತ್ತ ಹೋದಾಗ ಕಪ್ಪೆಯ ಹೊಟ್ಟೆಗೆ ಬಂದೂಕಿನ ಚಿಕ್ಕ ಗುಂಡುಗಳನ್ನು ತುಂಬಿಬಿಡುತ್ತಾನೆ. ವಾಗ್ಮಿಯು ಮೇಲೇಳಲೇ ಇಲ್ಲ!

ಇದನ್ನು ಹೇಳುವ ಮುದುಕ ಸೈಮನ್ ವೀಲರನು ಒಮ್ಮೆಯೂ ಮುಗುಳ್ನಗುವುದಿಲ್ಲ. ತಾನೇ ನಗುವುದು ಆತ್ಮಸ್ಥವೆಂದೂ ಪರರನ್ನು ನಗಿಸುವುದು ಪರಸ್ಥವೆಂದೂ ಭರತಮುನಿಯು ಹಾಸ್ಯವನ್ನು ವಿಭಾಗಿಸಿದ್ದಾನಷ್ಟೆ. ಅದನ್ನು ಓದಿದ್ದರೂ ನಾವು ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಗುಂಡುಗಳು ಬರುವ ಮೊದಲೇ ನಗುತ್ತಿದ್ದೆವು. ಹುಡುಗರು ಸುಮ್ಮನೆ ನಮ್ಮ ಮುಖವನ್ನು ನೋಡುತ್ತಿದ್ದರು. ಸಾಲದುದಕ್ಕೆ, ಇದರ ಮೂಲವು ಪಂಚತಂತ್ರದಲ್ಲಿರಬೇಕೆಂದೂ ಸಾರಿದ್ದೆವು.

ಈ ತಪ್ಪಿನಲ್ಲಿ ನಮಗೆ ಟ್ವೇನನೇ ಜೊತೆಗಾರನು. ಇದು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಕಥೆಯೆಂದು ಪಂಡಿತನೊಬ್ಬನು ಹೇಳಲು, ಅವನು ನಂಬಿ 1894ರಲ್ಲಿ ಲೇಖನವನ್ನೇ ಬರೆದನು. ಕಡೆಗೆ ನೋಡಿದರೆ, ಸಿಜ್‌ವಿಕ್ ಎಂಬ ಆಂಗ್ಲ ವಿದ್ವಾಂಸನು ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಟ್ವೇನನ ಕಥೆಗೇ ಗ್ರೀಕ್ ವೇಷವನ್ನು ತೊಡಿಸಿದ್ದನು! ಪ್ರಾಚೀನವಾದುದೇ ಮೂಲವೆಂಬ ನಮ್ಮಂಥವರ ಹಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದುಂಟೆ?

ಆ ವಸತಿಗೃಹದ ಕಲ್ಲಿನ ಕಟ್ಟಡವು ಇಂದಿಗೂ ನಿಂತಿದೆ. 1928ರಿಂದ ಇಲ್ಲಿ ಕಪ್ಪೆಗಳ ನೆಗೆತದ ಉತ್ಸವವು ನಡೆದುಬಂದಿದೆ. ಗೆದ್ದ ಕಪ್ಪೆಗಳ ಹೆಸರನ್ನು ಹೆದ್ದಾರಿಯ ಕಾಲುದಾರಿಯಲ್ಲಿ ಫಲಕಗಳಾಗಿ ಹುದುಗಿಸಿದ್ದಾರೆ. 1986ರಲ್ಲಿ ರೋಸಿ ಎಂಬ ಕಪ್ಪೆಯು ಮೂರು ನೆಗೆತಗಳಲ್ಲಿ 21 ಅಡಿ 5¾ ಅಂಗುಲ ದಾಟಿತಂತೆ.

ಆ ಫಲಕಗಳ ನಡುವೆ ನಿಂತು, ಜೊತೆಯಲ್ಲಿದ್ದ ಮೊಮ್ಮಗನಿಗೆ ನಾವು ಕಥೆಯನ್ನು ಪುನಃ ಹೇಳಿದೆವು; ಈ ಸಲ ವೀಲರನಂತೆ, ಮುಖವನ್ನು ಬಿಗಿಹಿಡಿದು. ಹುಡುಗನು ಹೊಟ್ಟೆಹಿಡಿದು ನಕ್ಕನು. ಬಳಿಕ ಮೆಲ್ಲನೆ, "ತಾತ, ತಾನು ಸೋತೆನೆಂದು ಕಪ್ಪೆಗೆ ತಿಳಿಯಿತೆ?" ಎಂದು ಕೇಳಿದನು. ನಾಲ್ವತ್ತು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಆಗಲೂ ನಾವು ನಗಲಿಲ್ಲ.