ಕುಂದಾ ಡಬ್ಬಿ ಮತ್ತು ಕಪ್ಪು ಪಟ್ಟಿ

ನಮ್ಮ ಬೆಳಗಾವಿಯಲ್ಲಿ ನವೆಂಬರ್ 1ರ ಬೆಳಗಿಗೆ ಎರಡು ಬಣ್ಣ. ಚನ್ನಮ್ಮ ವೃತ್ತದ ಕಡೆ ಹಳದಿ-ಕೆಂಪು ಬಾವುಟಗಳು ಹೊಳೆಯಂತೆ ಹರಿಯುತ್ತವೆ. ಊರಿನ ಇನ್ನೊಂದು ಮಗ್ಗುಲಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕರಾಳ ದಿನದ ಮೆರವಣಿಗೆ ತೆಗೆಯುತ್ತಾರೆ. ಚಿಕ್ಕವನಿದ್ದಾಗ ನನಗೆ ಎರಡೂ ನಮ್ಮ ಮನೆಯವೇ. ನಮ್ಮವ್ವ ಕನ್ನಡದ ಮನೆಗೆ ಬಂದ ಸೊಸೆ. ಅವಳ ಬೆನ್ನಿಗೆ ಬಿದ್ದ ತಂಗಿ, ನನ್ನ ಮೌಶಿ, ಖಾನಾಪುರದ ಮರಾಠಿ ಮನೆ ತುಂಬಿದವಳು. ಅಪ್ಪ ಬಾವುಟ ಹಿಡಿದು ಹೊರಟರೆ ಮೌಶಿಯ ಗಂಡ ಕಾಕಾ ಖಾನಾಪುರದ ಬಸ್ಸು ಹಿಡಿದು ಬಂದು ಕಪ್ಪು ಪಟ್ಟಿಯವರ ಸಾಲಿನಲ್ಲಿ ನಿಲ್ಲುತ್ತಿದ್ದರು. ಗಂಡಸರ ಮಾತು ಬಿಡಿ, ಅಕ್ಕ-ತಂಗಿಯರೂ ಕಮ್ಮಿಯಿರಲಿಲ್ಲ. "ಮಹಾಜನ ಆಯೋಗ 1967ರಾಗ ಹೇಳಿ ಮುಗಿಸೇತಿ, ಬೆಳಗಾವಿ ನಮ್ದು" ಎಂದು ಅವ್ವ. "ಆ ವರದಿ ಒಪ್ಪಿದೋರು ಯಾರ ಅಕ್ಕಾ?" ಎಂದು ಮೌಶಿ. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ನಮ್ಮ ಅಡುಗೆಮನೆಯ ದಾವೆ ಅದಕ್ಕಿಂತ ಹಳೆಯದು.

ಆದರೂ ಅವ್ವ ಕುಂದಾದ ಡಬ್ಬಿ ಕಟ್ಟದೆ ತಂಗಿಯನ್ನು ಬಸ್ಸು ಹತ್ತಿಸಿದ್ದಿಲ್ಲ.

ಮುಂದೆ ಎಷ್ಟೋ ವರ್ಷಕ್ಕೆ ಇಂಗ್ಲೆಂಡಿನ ಮಿಟ್‌ಫರ್ಡ್ ಅಕ್ಕತಂಗಿಯರ ಕಥೆ ಓದುವಾಗ ನನಗೆ ಆ ಅಡುಗೆಮನೆ ಕಣ್ಣಮುಂದೆ ಬಂತು. ರೀಡ್ಸ್‌ಡೇಲ್ ಎಂಬ ಜಹಗೀರುದಾರನಿಗೆ ಆರು ಜನ ಹೆಣ್ಣುಮಕ್ಕಳು, ಒಬ್ಬ ಮಗ. ಡಯಾನಾ 1936ರಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ನಾಯಕ ಮೋಸ್ಲಿಯನ್ನು ಮದುವೆಯಾದಳು. ಮದುವೆ ನಡೆದದ್ದು ಬರ್ಲಿನ್ನಿನಲ್ಲಿ, ಗೋಬೆಲ್ಸ್‌ನ ಮನೆಯಲ್ಲಿ, ಹಿಟ್ಲರನ ಎದುರು. ಯೂನಿಟಿ ಹಿಟ್ಲರನ ಹಿಂದೆಯೇ ಹೋದಳು. ಜೆಸ್ಸಿಕಾ ಮಾತ್ರ ಎಡಕ್ಕೆ ಹೊರಳಿ, 1937ರಲ್ಲಿ ಮನೆ ಬಿಟ್ಟು ಸ್ಪೇನಿನ ಯುದ್ಧದ ಕಡೆ ಓಡಿಹೋದಳು. ಇದಕ್ಕೂ ಮೊದಲು ಹುಡುಗಿಯರಾಗಿದ್ದಾಗ ಯೂನಿಟಿ, ಜೆಸ್ಸಿಕಾ ಇಬ್ಬರಿಗೂ ಒಂದೇ ಕೋಣೆ. ಅರ್ಧ ಕೋಣೆಯಲ್ಲಿ ಸ್ವಸ್ತಿಕ, ಇನ್ನರ್ಧದಲ್ಲಿ ಲೆನಿನ್. ನಾವು ಹೊಸ್ತಿಲಿಗೆ ಬರೆಯುವ ಮಂಗಳದ ಗುರುತು ಅಲ್ಲಿ ಏನಾಗಿತ್ತೆಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ. ಆದರೆ ಅದೇ ಕೋಣೆಯಲ್ಲಿ ಇಬ್ಬರೂ ಸೇರಿ, ಬೇರೆ ಯಾರಿಗೂ ತಿಳಿಯದ ಒಂದು ಭಾಷೆ ಕಟ್ಟಿಕೊಂಡು ಮಾತಾಡುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಸಂಗತಿ.

ಅವ್ವ-ಮೌಶಿಗೂ ಅಂಥದ್ದೊಂದಿತ್ತು. ಪ್ರತಿ ಅಕ್ಷರದ ಮುಂದೆ 'ಚ' ಹಚ್ಚಿ ಆಡುವ ಮಾತು. ಬಾ ಅನ್ನಲು 'ಚಬಾ', ನೀರು ಅನ್ನಲು 'ಚನೀ ಚರು'. ಅಪ್ಪನಿಗೆ ತಿಳಿಯದು, ಕಾಕಾನಿಗೆ ತಿಳಿಯದು. ಕನ್ನಡವೋ ಮರಾಠಿಯೋ ಎಂಬ ಜಗಳದ ನಡುವೆಯೇ ಇಬ್ಬರೂ ಚಕಾರಕ್ಕೆ ಇಳಿದುಬಿಟ್ಟರೆ ಗಂಡಸರು ಬಾವುಟ, ಪಟ್ಟಿ ಎರಡನ್ನೂ ಬಿಟ್ಟು ಬಾಯಿ ಬಾಯಿ ನೋಡುತ್ತಿದ್ದರು.

ಮೌಶಿಗೆ ಕುಂದಾಕ್ಕಿಂತ ಗೋಕಾಕದ ಕರದಂಟು ಹೆಚ್ಚು ಇಷ್ಟ. ಗೋಕಾಕವೆಂದ ಮೇಲೆ ಜಾರಕಿಹೊಳಿ ಅಣ್ಣತಮ್ಮಂದಿರ ಮಾತು ಬರದೆ ಇರುತ್ತದೆಯೇ? ಐವರು ಅಣ್ಣತಮ್ಮಂದಿರ ಆ ಮನೆಯ ರಾಜಕೀಯ ನಮ್ಮ ಜಿಲ್ಲೆಯ ಚಹಾದಂಗಡಿಗಳಿಗೆಲ್ಲ ಬಾಯಿಪಾಠ. 2019ರ ಉಪಚುನಾವಣೆಯಲ್ಲಿ ರಮೇಶ ಜಾರಕಿಹೊಳಿ ಕಾಂಗ್ರೆಸ್ ಬಿಟ್ಟು ಬಿಜೆಪಿಯಿಂದ ನಿಂತರು, ತಮ್ಮ ಲಖನ್ ಅದೇ ಗೋಕಾಕದಲ್ಲಿ ಕಾಂಗ್ರೆಸ್ಸಿನಿಂದ ಎದುರು ನಿಂತರು, ಅಣ್ಣ ಗೆದ್ದರು. ಎರಡು ವರ್ಷಕ್ಕೆ ಲಖನ್ ಪಕ್ಷೇತರರಾಗಿ ವಿಧಾನ ಪರಿಷತ್ತು ಸೇರಿದರು. 2023ರಲ್ಲಿ ಗೋಕಾಕದಿಂದ ರಮೇಶ, ಅರಭಾವಿಯಿಂದ ಬಾಲಚಂದ್ರ, ಇಬ್ಬರೂ ಬಿಜೆಪಿ. ಯಮಕನಮರಡಿಯಿಂದ ಕಾಂಗ್ರೆಸ್ಸಿನ ಸತೀಶ, ಮುಂದೆ ಲೋಕೋಪಯೋಗಿ ಸಚಿವರು. ಒಂದೇ ಮನೆಯ ಮೂವರು ಒಂದೇ ವಿಧಾನಸಭೆಯಲ್ಲಿ, ಸಾಲು ಬೇರೆ. ಇದನ್ನು ಲೆಕ್ಕಾಚಾರ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಮ್ಮನೆದುರು ನಿಂತು ಓಟು ಕೇಳುವ ನೋವು ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಬೀಗರ ಮಾತೂ ಇದೆ. ನಮ್ಮ ಸಂಸದರಾಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರಿನಲ್ಲಿ ಕೊರೊನಾದಿಂದ ತೀರಿಕೊಂಡರು. ಮರುವರ್ಷ ಅವರ ಹೆಂಡತಿ ಮಂಗಲಾ ಅಂಗಡಿಯವರು ಸತೀಶರ ಎದುರು 5,240 ಮತಗಳಿಂದ ಗೆದ್ದು ದಿಲ್ಲಿಗೆ ಹೋದರು. ಅವರ ಬೀಗರು ಜಗದೀಶ ಶೆಟ್ಟರು. 2023ರ ಏಪ್ರಿಲಿನಲ್ಲಿ ಶೆಟ್ಟರು ಮುನಿಸಿಕೊಂಡು ಕಾಂಗ್ರೆಸ್ಸಿಗೆ ಹೋದರು, 2024ರ ಜನವರಿಯಲ್ಲಿ ಮರಳಿ ಬಿಜೆಪಿಗೆ ಬಂದರು. ನಡುವಿನ ಆ ತಿಂಗಳುಗಳಲ್ಲಿ ಬೀಗತಿ ಒಂದು ಪಕ್ಷ, ಬೀಗರು ಇನ್ನೊಂದು. ಆ ಮನೆಗಳ ಮಗಳು-ಸೊಸೆ ಆಗ ಯಾವ ಮನೆಯಲ್ಲಿ ಎಷ್ಟು ಮಾತಾಡಿರಬಹುದು, ಎಷ್ಟು ನುಂಗಿರಬಹುದು ಎಂದು ನಾನು ಯೋಚಿಸಿದ್ದುಂಟು. ತವರು, ಅತ್ತೆಮನೆ ಎರಡನ್ನೂ ಹೊತ್ತು ನಡೆಯುವವಳು ಯಾವಾಗಲೂ ಹೆಣ್ಣುಮಗಳೇ.

ಹಾಗೆಂದು ರಕ್ತಸಂಬಂಧ ಎಲ್ಲವನ್ನೂ ಹೊಲಿದುಬಿಡುತ್ತದೆ ಎಂದು ನಾನು ನಂಬಿಲ್ಲ. ಪಕ್ಷ ಬದಲಿಸುವುದು, ಗಡಿಯ ಬಗ್ಗೆ ಬೇರೆ ಮಾತಾಡುವುದು ಒಂದು ತೂಕ. ಹಿಟ್ಲರನ ಎದುರು ಕೈಯೆತ್ತುವುದು ಬೇರೆಯೇ ತೂಕ. 1940ರಲ್ಲಿ ಹಿರಿಯಕ್ಕ ನ್ಯಾನ್ಸಿ ಸರಕಾರಕ್ಕೆ ಹೋಗಿ, ತಂಗಿ ಡಯಾನಾ ಅಪಾಯದವಳು ಎಂದು ಹೇಳಿಬಂದಳು. ಡಯಾನಾ ಜೈಲು ಕಂಡಳು. ಅಕ್ಕನ ಆ ಮಾತು ಅವಳಿಗೆ ತಿಳಿದದ್ದು ಅಕ್ಕ ಸತ್ತ ಮೇಲೆ. ನ್ಯಾನ್ಸಿ ಮಾಡಿದ್ದು ತಪ್ಪೆಂದು ಹೇಳಲು ನನ್ನ ನಾಲಗೆ ಏಳದು. ಜೆಸ್ಸಿಕಾ ಡಯಾನಾಳ ಮುಖವನ್ನು ದಶಕಗಟ್ಟಲೆ ನೋಡಲಿಲ್ಲ. 1973ರಲ್ಲಿ ನ್ಯಾನ್ಸಿ ಸಾವಿನ ಹಾಸಿಗೆಯಲ್ಲಿದ್ದಾಗ ಇಬ್ಬರೂ ಅವಳ ಆರೈಕೆಗೆ ಬಂದು ಎದುರಾದರು. ಯೂನಿಟಿಯದು ಇನ್ನೂ ದೊಡ್ಡ ಸಂಕಟ. ಯುದ್ಧ ಘೋಷಣೆಯಾದ ದಿನ, 1939ರ ಸೆಪ್ಟೆಂಬರ್ 3ರಂದು, ಮ್ಯೂನಿಕ್ಕಿನಲ್ಲಿ ತಲೆಗೆ ಗುಂಡು ಹೊಡೆದುಕೊಂಡಳು. ಸಾಯಲಿಲ್ಲ, ಮಗುವಿನಂತಾದಳು. ತಾಯಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಸಾಕಿದಳು. ಅಮೆರಿಕದಲ್ಲಿದ್ದ ಜೆಸ್ಸಿಕಾ 1948ರಲ್ಲಿ ಅವಳು ತೀರಿಕೊಳ್ಳುವ ತನಕ ಮತ್ತೆ ಕಾಣಲೇ ಇಲ್ಲ. ಅವರ ಆ ಭಾಷೆಯನ್ನು ಕೊನೆಗೆ ಯಾರೊಡನೆ ಆಡಿದಳೋ ಪಾಪ.

ಅವ್ವ ಹಾಸಿಗೆ ಹಿಡಿದ ವರ್ಷವೂ ನವೆಂಬರ್ ಬಂತು. ಅವತ್ತು ಮೌಶಿ ಕಾಕಾನ ಜೊತೆಯಲ್ಲೇ ಬಸ್ಸಿಗೆ ಬಂದಳು. ಕಾಕಾ ಮೆರವಣಿಗೆಗೆ ಹೋದರು, ಅವಳು ನಮ್ಮ ಮನೆಗೆ. ಹೊರಗೆ ಓಣಿಯಲ್ಲಿ ಹುಡುಗರು ಬಾವುಟ ಕಟ್ಟಿದ ಬೈಕು ಓಡಿಸುತ್ತಿದ್ದರು. ಅವ್ವನ ಬಾಯಿಂದ ಮಾತು ತಡವರಿಸಿ ಬರುತ್ತಿತ್ತು. ನಮಗೆ ಯಾರಿಗೂ ಸ್ಪಷ್ಟವಾಗಲಿಲ್ಲ. ಔಷಧಿ ಬೇಕೇನೋ ಎಂದು ನಾನು ಹುಡುಕತೊಡಗಿದೆ. ಮೌಶಿ ನನ್ನ ಕೈ ಸರಿಸಿ, ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಅಕ್ಕನ ತುಟಿಗೆ ಹಿಡಿದಳು.