ಗೋಲಿ ಹಾಸಿದ ತೊಟ್ಟಿ

ನಮ್ಮ ಅಡುಗೆಮನೆಯಲ್ಲಿ, ಪೂರ್ವದ ಕಿಟಕಿಯ ಕಟ್ಟೆ ಮೇಲೆ ಒಂದು ಪುಟ್ಟ ಗಾಜಿನ ತೊಟ್ಟಿ ಇದೆ. ಗೇಣುದ್ದವೂ ಇಲ್ಲದ ನೀರು, ತಳದ ತುಂಬ ಎರಡು ಪದರ ಗೋಲಿ. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ. ಮೀನು ಇಲ್ಲಿಗೆ ಬರುವುದು ಸಂಜೆಗೆ, ಹೊರಡುವುದು ಮರುದಿನ ಕಾಫಿ ಆರುವ ಹೊತ್ತಿಗೆ. ಇದು ಅವುಗಳ ಹೆರಿಗೆ ಕೋಣೆ.

ಮೀನು ಎಂದರೆ ಜೀಬ್ರಾ ಡ್ಯಾನಿಯೊ. ಕಿರುಬೆರಳಿಗಿಂತ ಚಿಕ್ಕದು, ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಗೆರೆ. ಅಕ್ವೇರಿಯಂ ಅಂಗಡಿಗಳಲ್ಲಿ ಇದು ಅಗ್ಗದ ಮೀನು, ಹಾಗಾಗಿ ಯಾರೂ ನಿಂತು ನೋಡುವುದಿಲ್ಲ. ನನಗೆ ಇದಕ್ಕಿಂತ ಚೆಂದದ ಮೀನು ಇನ್ನೊಂದಿಲ್ಲ.

ಇದರ ಮೇಲೊಂದು ಹಳೆಯ ಆರೋಪವಿದೆ: ತಾನಿಟ್ಟ ಮೊಟ್ಟೆಯನ್ನು ತಾನೇ ತಿನ್ನುತ್ತದೆ ಎಂದು. ತಿನ್ನುವುದು ನಿಜ. ನಮ್ಮ ಕೆರೆಗಳ ಕೊರವ ಮೀನು ಮರಿಗಳ ಹಿಂಡಿಗೆ ಕಾವಲು ನಿಲ್ಲುತ್ತದೆ, ಜಿಲೇಬಿ ಮೀನಿನ ತಾಯಿ ಬಾಯೊಳಗೇ ಮರಿಗಳನ್ನು ಇಟ್ಟುಕೊಂಡು ಸಾಕುತ್ತದೆ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಕಲ್ಲೆದೆಯ ತಾಯಿ ಅನಿಸಬಹುದು. ನಾನು ಒಪ್ಪುವುದಿಲ್ಲ. ಇದು ಮಳೆಗಾಲದ ತೆಳುನೀರಿನಲ್ಲಿ, ಹೊಳೆಯಂಚಿನ ಕಲ್ಲು ಕಳೆಗಳ ನಡುವೆ ಮೊಟ್ಟೆ ಚೆಲ್ಲುವ ಮೀನು. ಮೊಟ್ಟೆ ಸಂದಿಗೆ ಜಾರುತ್ತದೆ, ತಾಯಿ ಮುಂದೆ ಹೋಗುತ್ತದೆ. ಅಡಗಿಸುವ ಕೆಲಸ ಹೊಳೆಯ ತಳದ್ದು. ಬೋಳು ಗಾಜಿನ ಮೇಲೆ ಬಿದ್ದ ಮೊಟ್ಟೆ ಮೀನಿನ ಕಣ್ಣಿಗೆ ಬರೀ ಊಟ. ಹೊಳೆಯಿಂದ ತಂದವರು ನಾವು, ತಳ ಹಾಸಿಕೊಡುವ ಹೊಣೆಯೂ ನಮ್ಮದೇ.

ಅದಕ್ಕೇ ಗೋಲಿ. ಈ ಮೀನಿನ ಮೊಟ್ಟೆಗೆ ಅಂಟಿಲ್ಲ, ಬಿಟ್ಟ ಕೂಡಲೇ ಮುಳುಗಿ ಗೋಲಿಗಳ ಸಂದಿ ಸೇರುತ್ತದೆ. ಗೋಲ್ಡ್‌ಫಿಶ್ಶಿನದಾದರೆ ಅಂಟುಮೊಟ್ಟೆ, ಅದಕ್ಕೆ ತೆಂಗಿನ ನಾರೋ ಪಾಚಿಯೋ ಬೇಕು. ಈ ಗೋಲಿಗಳು ನನ್ನ ಅಣ್ಣನವು. ಶಾಲೆಯ ಹಿಂದಿನ ಬಯಲಲ್ಲಿ ಗೆದ್ದು, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ, ಮುಟ್ಟಿದರೆ ಹುಷಾರ್ ಎಂದು ಅಟ್ಟದ ಮೇಲಿಟ್ಟಿದ್ದ. ಊರಿನ ಮನೆ ಖಾಲಿ ಮಾಡುವಾಗ ಅವನೇ ನನ್ನ ಕೈಗಿಟ್ಟ. ಕಬ್ಬಿಣದ ಗೋಲಿಯನ್ನು ಮಾತ್ರ ತೆಗೆದಿಟ್ಟೆ, ಅದು ನೀರಿಗಾಗದು.

ಹೆಣ್ಣೊಂದಕ್ಕೆ ಗಂಡೆರಡು. ಹೊಟ್ಟೆ ತುಂಬಿಕೊಂಡದ್ದು ಹೆಣ್ಣು. ಸಪೂರವಾಗಿ, ಹೊಂಬಣ್ಣ ಹೊಳೆಯುವುದು ಗಂಡು. ಸಂಜೆ ಬಿಟ್ಟು ದೀಪ ಆರಿಸಿದರೆ ಆಯಿತು. ಕಿಟಕಿಯಲ್ಲಿ ಬೆಳಕು ಹರಿದ ಹೊತ್ತಿಗೇ ಗಂಡುಗಳು ಹೆಣ್ಣಿನ ಪಕ್ಕಕ್ಕೆ ಪಕ್ಕ ತಾಗಿಸಿ ಓಡುತ್ತವೆ, ಪ್ರತಿ ನಡುಕಕ್ಕೂ ಒಂದಿಷ್ಟು ಮೊಟ್ಟೆ ಉದುರುತ್ತದೆ. ನೂರು ದಾಟುವುದು ಅಪರೂಪವಲ್ಲ. ಮುಗಿದ ಕೂಡಲೇ ದೊಡ್ಡವನ್ನು ಅವುಗಳ ತೊಟ್ಟಿಗೆ ಮರಳಿಸಬೇಕು.

ಈ ಮೀನನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕನನ್, 1822ರ ಗಂಗೆಯ ಮೀನುಗಳ ಪುಸ್ತಕದಲ್ಲಿ. ಆ ವೇಳೆಗೆ ಅವನು ಹ್ಯಾಮಿಲ್ಟನ್ ಎಂಬ ಹೆಸರು ತಳೆದಿದ್ದ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ನಮ್ಮ ಮೈಸೂರು ಸೀಮೆ, ಕನ್ನಡ ಜಿಲ್ಲೆಗಳನ್ನು ಸುತ್ತಿ ಬೆಳೆ, ನೇಯ್ಗೆ, ಕಂದಾಯವನ್ನೆಲ್ಲ ಬರೆದುಕೊಂಡ ಬುಕನನ್ನೇ ಇವನು. ಡ್ಯಾನಿಯೊ ಎಂಬ ಹೆಸರು ಬಂಗಾಳಿಯ ‘ಧಾನಿ’ಯಿಂದ ಬಂತು, ಧಾನ್ ಎಂದರೆ ಅಲ್ಲಿ ಭತ್ತ. ಗದ್ದೆಯ ಮೀನು! ಆಮೇಲೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಇದನ್ನು ಪ್ರಯೋಗಾಲಯಕ್ಕೆ ಕರೆತಂದರು. ಅವರೂ ಮನೆಯಲ್ಲಿ ಮೀನು ಸಾಕುವ ಹವ್ಯಾಸದವರೇ. ಇಂದು ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಯಾದ ಎನ್‌ಸಿಬಿಎಸ್‌ನಲ್ಲೂ ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತಿದೆ.

ಯಾಕೆಂದರೆ ಮೊಟ್ಟೆ ಪಾರದರ್ಶಕ. ಸಾಸಿವೆಯಷ್ಟು ಸಣ್ಣದು, ಮಿಲಿಮೀಟರಿನ ಆಸುಪಾಸು. ಮಗಳ ಪುಟ್ಟ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದೆವು. ಮುಕ್ಕಾಲು ಗಂಟೆಯಲ್ಲಿ ಒಂದು ಕೋಶ ಎರಡಾಯಿತು, ಆಮೇಲೆ ಕಾಲು ಗಂಟೆಗೊಮ್ಮೆ ದುಪ್ಪಟ್ಟು. ಮರುದಿನ ಹೃದಯ ಮಿಡಿಯುತ್ತಿತ್ತು. ಅವಳು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡುತ್ತಿದ್ದಳು.

ಎರಡು ಮೂರು ದಿನಕ್ಕೆ ಮರಿ ಹೊರಬಂದು ಗಾಜಿಗೆ ಅಂಟಿಕೊಳ್ಳುತ್ತದೆ, ಹೊಟ್ಟೆಯ ಬುತ್ತಿಯನ್ನೇ ಕರಗಿಸಿಕೊಂಡು ಬದುಕುತ್ತದೆ. ಕಷ್ಟ ಬರುವುದು ಐದನೆಯ ದಿನ. ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ, ಈಜುಚೀಲ ತುಂಬಿಕೊಂಡು ನೆಟ್ಟಗೆ ತೇಲುತ್ತದೆ, ಹಸಿಯುತ್ತದೆ. ಅಂಗಡಿಯ ಪುಡಿ ಅದರ ಬಾಯಿಗೆ ಬಂಡೆ. ಮೊದಲ ಸಲ ನನ್ನಲ್ಲಿ ಹುಟ್ಟಿದ ಮರಿಗಳೆಲ್ಲ ಏಳೆಂಟು ದಿನದಲ್ಲಿ ಮುಗಿದುಹೋದವು. ನೀರು ತಿಳಿಯಾಗಿತ್ತು, ಅಷ್ಟು ತಿಳಿಯಾಗಿದ್ದುದೇ ತಪ್ಪಾಗಿತ್ತು. ಈಗ ಮೀನನ್ನು ಗೋಲಿ ತೊಟ್ಟಿಗೆ ಬಿಡುವ ದಿನವೇ ಇನ್ನೊಂದು ಬಾಟಲಿಯ ಕೆರೆನೀರಿಗೆ ಒಂದು ಹಿಡಿ ಒಣಹುಲ್ಲು ಹಾಕಿ ಬಿಸಿಲಿಗಿಡುತ್ತೇನೆ. ವಾರದೊಳಗೆ ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿ ನೀರು ಮಬ್ಬಾಗುತ್ತದೆ. ದಿನಕ್ಕೆ ಮೂರು ಸಲ, ಚಮಚ ಚಮಚವಾಗಿ ಅದೇ ಉಣಿಸು. ಹತ್ತು ದಿನದ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳನ್ನು ಕೊಟ್ಟರೆ ಮುಂದಿನ ಚಿಂತೆಯಿಲ್ಲ.

ಹುಲ್ಲು ಊರಿನ ಗದ್ದೆಯದು, ಭತ್ತದ್ದೇ. ಈ ಬೆಳಿಗ್ಗೆ ಮಗಳು ಗಾಜಿಗೆ ಮೂಗು ಒತ್ತಿ ಅರವತ್ತೆಂಟರವರೆಗೆ ಎಣಿಸಿದಳು. ಅಷ್ಟರಲ್ಲಿ ನಾನು ಚಮಚ ಎತ್ತಿದೆ, ಮರಿಗಳೆಲ್ಲ ಒಂದೇ ಕಡೆಗೆ ನುಗ್ಗಿದವು. ಅವಳು ಮತ್ತೆ ಒಂದರಿಂದ ಶುರುಮಾಡಿದಳು.