ಅಗ್ಗದ ಮನೆಯ ಲೆಕ್ಕ

ಕೊಳ್ಳುವ ಉದ್ದೇಶವೇ ಇಲ್ಲದೆ ಮನೆಗಳ ಬೆಲೆ ವಿಚಾರಿಸುವಷ್ಟು ನಿರುಪದ್ರವಿ ಚಟ ಇನ್ನೊಂದಿಲ್ಲ. ದಲ್ಲಾಳಿಗೆ ಕಮಿಷನ್ ಕೊಡಬೇಕಿಲ್ಲ, ಸಾಲಕ್ಕೆ ಬ್ಯಾಂಕು ಅಲೆಯಬೇಕಿಲ್ಲ, ವಾಸ್ತು ಹೇಳುವವರಿಗೆ ಬಾಗಿಲ ದಿಕ್ಕು ತೋರಿಸಬೇಕಿಲ್ಲ. ಈ ಚಟ ಹತ್ತಿದವರು ಬೆಂಗಳೂರಿನ ಸೈಟಿನ ಬೆಲೆ ಕೇಳಿ ಬಿ.ಪಿ. ಏರಿಸಿಕೊಳ್ಳುವ ಬದಲು ದೂರದ ಊರುಗಳನ್ನು ಆರಿಸಿಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದು. ನನಗಂತೂ ಸದ್ಯಕ್ಕೆ ದಕ್ಷಿಣ ವೇಲ್ಸ್‌ನ ಕಣಿವೆಗಳು ಹಿತವಾಗಿವೆ.

ಅಲ್ಲಿ ಅಕ್ಕಪಕ್ಕ ಎರಡು ಜಿಲ್ಲೆಗಳಿವೆ. ಬ್ಲೈನೈ ಗ್ವೆಂಟ್ ಎಂಬುದು ವೇಲ್ಸ್‌ನಲ್ಲೇ ಅತಿ ಅಗ್ಗ. 2024ರಲ್ಲಿ ಮನೆಯ ಸರಾಸರಿ ಬೆಲೆ ಸುಮಾರು 1.3 ಲಕ್ಷ ಪೌಂಡ್. ಪಕ್ಕದ ಮನ್‌ಮತ್‌ಶೈರ್‌ನಲ್ಲಿ ಅದು 3 ಲಕ್ಷ ದಾಟಿತ್ತು. ಬ್ಲೈನೈ ಗ್ವೆಂಟ್‌ನ ಬ್ರಿನ್‌ಮೌರ್‌ನಲ್ಲಿ ಕಾರು ಹತ್ತಿ ಕಮರಿಯ ಹೆದ್ದಾರಿ ಹಿಡಿದರೆ ಮನ್‌ಮತ್‌ಶೈರ್‌ನ ಆಬರ್‌ಗವೆನ್ನಿಗೆ ಅರ್ಧ ಗಂಟೆಯೂ ಬೇಡ. ಮಳೆ, ಮಂಜು, ಕುರಿ ಎರಡೂ ಕಡೆ ಧಾರಾಳ. ರಸ್ತೆ ಇಳಿದಂತೆ ಬೆಲೆ ಮಾತ್ರ ಏರುತ್ತದೆ.

ಮೇಲಿನ ಕಣಿವೆಗಳಲ್ಲಿ ಮೊದಲು ಹುಟ್ಟಿದ್ದು ಕೆಲಸ, ಆಮೇಲೆ ಮನೆ. ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿಣ, ಕಲ್ಲಿದ್ದಲಿನ ಬೆನ್ನಿಗೇ ಬೆಟ್ಟದ ಓರೆಯಲ್ಲಿ ಸಾಲುಮನೆಗಳು ಎದ್ದವು. ಕೆಲವನ್ನು ಕಂಪನಿಗಳು ಕಟ್ಟಿಸಿದವು. ಇನ್ನೆಷ್ಟೋ ಕಡೆ ಗಣಿ ಕೆಲಸಗಾರರೇ ನಮ್ಮವರು ಚೀಟಿ ಹಾಕುವ ಹಾಗೆ ಕ್ಲಬ್ಬು ಮಾಡಿಕೊಂಡು, ದುಡ್ಡು ಸೇರಿಸಿ ಕಟ್ಟಿಸಿಕೊಂಡರು. ಆದರೆ ನೆಲ ಜಮೀನ್ದಾರನದು. ಹೆಚ್ಚಾಗಿ 99 ವರ್ಷದ ಗುತ್ತಿಗೆ. ಅವಧಿ ಮುಗಿದರೆ ತಾತ ಕಟ್ಟಿಸಿದ ಮನೆಯೂ ನೆಲದ ಜೊತೆ ಜಮೀನ್ದಾರನ ಪಾಲು! ಗೋಡೆ ನಿನ್ನದು, ಗೋಡೆ ನಿಂತ ಜಾಗ ನನ್ನದು ಎನ್ನುವ ಈ ನ್ಯಾಯದ ವಿರುದ್ಧ ಕೂಗೆದ್ದು, 1967ರಲ್ಲಿ ಗುತ್ತಿಗೆ ಸುಧಾರಣೆ ಕಾಯ್ದೆ ಬಂತು. ಆ ಕೂಗಿನಲ್ಲಿ ದಕ್ಷಿಣ ವೇಲ್ಸ್‌ನ ದನಿಯೇ ಜೋರಾಗಿತ್ತು.

ಮಾತಿಗೆ ಮಾತು ಬಂತೆಂದು ಹೇಳುತ್ತೇನೆ. ಇದೇ ಸೀಮೆಯ ಟ್ರೆಡೀಗರ್‌ನಲ್ಲಿ ಗಣಿ ಕೆಲಸಗಾರನ ಮಗನಾಗಿ ಹುಟ್ಟಿದ ಅನ್ಯೂರಿನ್ ಬೆವನ್ 1945ರಲ್ಲಿ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. ಉಚಿತ ಚಿಕಿತ್ಸೆಗಾಗಿ ಎಲ್ಲರೂ ಅವರನ್ನು ನೆನೆಯುತ್ತಾರೆ. ಆಗ ವಸತಿಯೂ ಅವರ ಖಾತೆಗೇ ಸೇರಿತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಒದ್ದೆ ಗೋಡೆ ಮತ್ತು ಬಿಡದ ಕೆಮ್ಮು ಒಂದೇ ಇಲಾಖೆಯಲ್ಲಿದ್ದದ್ದು ನನಗೇನೋ ಸರಿಯೆಂದೇ ತೋರುತ್ತದೆ.

ಗಣಿಗಳು ಮುಚ್ಚಿದವು. ಇದೇ ಕಣಿವೆಗಳ ಎಬ್ಬು ವೇಲ್‌ ಊರಿನ ಉಕ್ಕಿನ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಕೆಲಸ ಊರು ಬಿಟ್ಟಿತೆಂದು ಮನೆ ಅದರ ಬೆನ್ನು ಹತ್ತಿ ಹೋಗಲಾದೀತೇ? 2008ರಲ್ಲಿ ಅಲ್ಲಿಂದ ಕಾರ್ಡಿಫ್‌ಗೆ ಪ್ರಯಾಣಿಕರ ರೈಲು ಮತ್ತೆ ಶುರುವಾಗಿ ಕಣಿವೆಗೆ ತುಸು ಜೀವ ಬಂತು. ಇತ್ತ ಇಂಗ್ಲೆಂಡಿನಿಂದ ವೇಲ್ಸ್‌ಗೆ ದಾಟಿಸುವ ಸೆವೆರ್ನ್ ನದಿಯ ಸೇತುವೆಯದೊಂದು ತಮಾಷೆಯಿತ್ತು: ವೇಲ್ಸ್‌ಗೆ ಬರುವವರಿಗೆ ಟೋಲ್, ಬಿಟ್ಟು ಹೋಗುವವರಿಗೆ ಪುಕ್ಕಟೆ. 2018ರ ಡಿಸೆಂಬರ್‌ನಲ್ಲಿ ಟೋಲ್ ರದ್ದಾಯಿತು. ಆಚೆ ದಡದ ಬ್ರಿಸ್ಟಲ್‌ನ ಬೆಲೆಗೆ ಬೆದರಿದವರು ನದಿ ದಾಟಿ ಮನೆ ಹುಡುಕತೊಡಗಿದರು. ಮನ್‌ಮತ್‌ಶೈರ್‌ನಲ್ಲಿ ಬೆಲೆ ಏರಿತು. ಅಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ತಮ್ಮೂರಿನ ಮನೆ ಇನ್ನಷ್ಟು ಎಟುಕದಾಯಿತು.

ಹಾಗಾದರೆ ಮೇಲಿನ ಕಣಿವೆಯಲ್ಲಿ ಕೊಂಡರಾಯಿತಲ್ಲ ಎನ್ನುತ್ತೀರಿ. ಇರುವುದೊಂದೇ ಮನೆಯಾದರೆ 2.25 ಲಕ್ಷ ಪೌಂಡ್‌ವರೆಗೆ ಖರೀದಿ ತೆರಿಗೆಯೂ ಇಲ್ಲ, ನಿಜ. ಆದರೆ ಕಾಗದಪತ್ರ ನೋಡುವ ವಕೀಲರು ಮನೆಯಡಿ ಹಳೆಯ ಗಣಿ ಇದೆಯೇ ಎಂದು ವಿಚಾರಿಸುತ್ತಾರೆ. ಬೆಟ್ಟದ ಮೇಲೆ ಗಣಿಯ ಕಸದ ದಿಬ್ಬಗಳು ಬೇರೆ. 2024ರ ನವೆಂಬರ್ ಮಳೆಗೆ ಕುಮ್‌ಟಿಲ್ಲರಿಯಲ್ಲಿ ಅಂಥದ್ದೊಂದು ಜಾರಿ ಜನ ಮನೆ ಬಿಟ್ಟು ಹೊರಡಬೇಕಾಯಿತು. ಹಳೆಯ ಕಲ್ಲುಗೋಡೆಯ ಮನೆ ಬೆಚ್ಚಗಿಡುವ ಖರ್ಚೂ ಸಣ್ಣದಲ್ಲ. ನಾವು ಪೌಂಡನ್ನು ರೂಪಾಯಿಗೆ ತಿರುಗಿಸಿ ಬೆರಗಾಗುತ್ತೇವೆ. ಅಲ್ಲಿಯವರು ಅದನ್ನು ತಮ್ಮ ಸಂಬಳಕ್ಕೆ ತಿರುಗಿಸಿ ನಿಟ್ಟುಸಿರಿಡುತ್ತಾರೆ. ಸಂಬಳ ಸಣ್ಣದಾದ ಊರಿನಲ್ಲಿ ಯಾವ ಮನೆಯೂ ಅಗ್ಗವಲ್ಲ. ನೀವೂ ಎಲ್ಲಾದರೂ ಮನೆ ನೋಡಲು ಹೊರಟರೆ, ಬೆಲೆ ಕೇಳುವ ಮೊದಲು ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಅದು ಯಾವ ಕೆಲಸಕ್ಕೆ ಕರೆದೊಯ್ಯುತ್ತದೆ ಎಂದು ಕೇಳಿಕೊಳ್ಳಿ.